ಚಿಕ್ಕಲ್ಲೂರು ಯಾರ್ದು ಅಂತ ಕಿತ್ತಾಡೋರಿಗೆ

ಭಾಗ 1
(ಫೋಟೋ: ಗೋಡೆಗೆ ಒರಗಿಸಿರೋ ತಂಬೂರಿ. ಬುರುಡೆಗೆ ಸುತ್ತಿರೋದು ಸೈಕಲ್ ಟ್ಯೂಬು. ಫಿಲ್ಟರ್ ಹಾಕಿಲ್ಲ.)

ಹೋದ ಭಾನುವಾರ ನಾನು ಹಾಕಿದ್ದ 40 ಸೆಕೆಂಡಿನ ರೀಲ್ ನೋಡಿರ್ತೀರ. ಜಗಲಿ ಮೇಲೆ ಕೂತು ವಯಸ್ಸಾದವರೊಬ್ಬರು ಹಾಡ್ತಾರೆ. ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ. ಸಿದ್ದಪ್ಪಾಜಿ ಪದ. ನನ್ನ ರೀಲ್‌ಗೆ ಸಾಮಾನ್ಯವಾಗಿ ಬರೋದು ಹತ್ತು ಹದಿನೈದು ಕಾಮೆಂಟು, ಅದರಲ್ಲಿ ಅರ್ಧ ಬೆಂಕಿ ಎಮೋಜಿ. ಇದಕ್ಕೆ 212 ಬಂತು. ಖುಷಿಯಾಗಿ ಕೂತು ಓದಿದೆ. ಓದ್ತಾ ಓದ್ತಾ ತಲೆ ಕೆಡ್ತು.

"ಮಳವಳ್ಳಿ ಗತ್ತು ಗುರು." "ಮಳವಳ್ಳಿ ಅಲ್ಲ ಕಣೋ, ಕೊಳ್ಳೇಗಾಲದ್ದು." "ಸಿದ್ದಪ್ಪಾಜಿ ಮದ್ದೂರು ಸೀಮೆಯವರು, ತಿಳ್ಕೊಂಡು ಮಾತಾಡಿ." "ಚಾಮರಾಜನಗರದ ಕಲೆನ ಮಂಡ್ಯದವರು ಕದೀತಾವ್ರೆ." ಆಮೇಲೆ ಇಬ್ಬರು ಅಪ್ಪ ಅಮ್ಮನ ವಿಷಯಕ್ಕೆ ಹೋದ್ರು. ಅದನ್ನ ಡಿಲೀಟ್ ಮಾಡ್ದೆ.

212 ಕಾಮೆಂಟಲ್ಲಿ "ಹಾಡ್ತಿರೋರು ಯಾರು, ಯಾವ ಊರು" ಅಂತ ಕೇಳಿದವರು ಎಷ್ಟು ಜನ ಅಂತ ಎಣಿಸ್ದೆ. ಬಿಕಾಂ ಓದ್ತಿರೋನಿಗೆ ಎಣಿಸೋದು ಚಟ. ಸೊನ್ನೆ.

ಅದಕ್ಕೇ ಈ ಸರಣಿ. ಉದ್ದ ಇದೆ. ಓದೋಕಾಗಲ್ಲ ಅನ್ನೋರು ಸ್ಕ್ರೋಲ್ ಮಾಡಿ, ಬೇಜಾರಿಲ್ಲ. ಕಾಮೆಂಟಲ್ಲಿ ಕಿತ್ತಾಡಿದವರು ಮಾತ್ರ ಓದಲೇಬೇಕು. ನಿಮ್ಮಲ್ಲಿ ಹನ್ನೊಂದು ಜನ ನನ್ನ ಕ್ಲಾಸಿನವರೇ. ನಾಳೆ ಸಿಗ್ತೀರ, ತಪ್ಪಿಸ್ಕೊಳೋಕಾಗಲ್ಲ.

ಭಾಗ 2
(ಫೋಟೋ: ಮ್ಯಾಪ್ ಸ್ಕ್ರೀನ್‌ಶಾಟ್, ಐದು ಪಿನ್.)

ಗೊತ್ತಿಲ್ಲದವರಿಗೆ ಮೊದಲು ಕಥೆ. ಮಂಟೇಸ್ವಾಮಿ ಅಂದ್ರೆ ಹಾಡುಗಾರರ ಬಾಯಲ್ಲಿ "ಧರೆಗೆ ದೊಡ್ಡವರು". ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಶರಣರನ್ನೇ ಪರೀಕ್ಷೆ ಮಾಡಿ, ಅಲ್ಲಿಂದ ನಮ್ಮ ಕಡೆಗೆ ಬರ್ತಾರೆ. ಈ ಕಾವ್ಯ ಒಂದು ರಾತ್ರಿಗೆ ಮುಗಿಯೋದಲ್ಲ. ಭಾಗ ಭಾಗ ಮಾಡಿ ಹಾಡ್ತಾರೆ, ಒಂದೊಂದು ಭಾಗಕ್ಕೆ "ಸಾಲು" ಅಂತಾರೆ. ಹಾಡೋರು ನೀಲಗಾರರು. ಮುಖ್ಯ ಹಾಡುಗಾರ ಒಬ್ಬನೇ ಮಂಟೇಸ್ವಾಮಿ ಆಗ್ತಾನೆ, ಬಸವಣ್ಣ ಆಗ್ತಾನೆ, ಮಗನನ್ನ ಕಳ್ಕೊಳೋ ತಾಯಿ ಆಗ್ತಾನೆ. ಹಾಡು, ಮಧ್ಯ ಮಾತು, ಮತ್ತೆ ಹಾಡು. ಪಕ್ಕದಲ್ಲಿ ದಮ್ಮಡಿ, ತಾಳ, ಹಿಮ್ಮೇಳದ ದನಿ. ಪರದೆ ಇಲ್ಲ, ಮೇಕಪ್ ಇಲ್ಲ. ಆದ್ರೂ ಅದು ನಾಟಕವೇ.

ಈಗ ಕಥೆಯ ಊರುಗಳಿಗೆ ಪಿನ್ ಹಾಕಿ.

ನಿಡಘಟ್ಟ, ಮದ್ದೂರು ತಾಲ್ಲೂಕು. ಹಾಡಿನಲ್ಲಿ ನಿಡುಘಟ್ಟ. ಅಲ್ಲಿನ ಆಚಾರಿ ಮನೆಯ ಮುದ್ದಮ್ಮನ ಮಗ ಕೆಂಪಾಚಾರಿ. ಇವನನ್ನ ಶಿಷ್ಯನಾಗಿ ಕೊಡಿ ಅಂತ ಮಂಟೇಸ್ವಾಮಿ ಹಠ ಹಿಡಿದು ಪಡೀತಾರೆ. ಇವನೇ ಮುಂದೆ ಸಿದ್ದಪ್ಪಾಜಿ. ನೀವೆಲ್ಲ ನಿಡಘಟ್ಟದ ಹೆಸರು ಕೇಳಿರೋದು ಎಕ್ಸ್‌ಪ್ರೆಸ್‌ವೇ ನ್ಯೂಸಲ್ಲಿ. ಬೆಂಗಳೂರು–ನಿಡಘಟ್ಟ ಒಂದು ಪ್ಯಾಕೇಜು, ನಿಡಘಟ್ಟ–ಮೈಸೂರು ಇನ್ನೊಂದು. 2023ರಲ್ಲಿ ಉದ್ಘಾಟನೆ ಆಯ್ತಲ್ಲ, ಆ ರಸ್ತೆ. ನೂರರ ಸ್ಪೀಡಲ್ಲಿ ಸಿದ್ದಪ್ಪಾಜಿ ತವರು ದಾಟಿ ಹೋಗ್ತೀವಿ.

ಹಲಗೂರು, ಮಳವಳ್ಳಿ ತಾಲ್ಲೂಕು. ಕಬ್ಬಿಣದ ಭಿಕ್ಷೆ ತಗೊಂಡು ಬಾ ಅಂತ ಸಿದ್ದಪ್ಪಾಜಿಯನ್ನ ಗುರು ಕಳಿಸೋದು ಈ ಊರಿಗೆ. ಅಲ್ಲಿ ಅವರಿಗೆ ವಿಷ ಕೊಡೋವರೆಗೂ ಹೋಗುತ್ತೆ ಪರೀಕ್ಷೆ. ಬೊಪ್ಪೇಗೌಡನಪುರ, ಅಂದ್ರೆ ನಮ್ಮ ಬಿ.ಜಿ. ಪುರ, ಅದೂ ಮಳವಳ್ಳಿ ತಾಲ್ಲೂಕು. ಮಂಟೇಸ್ವಾಮಿ ಗದ್ದುಗೆ, ಮಠ ಇರೋದು ಅಲ್ಲಿ. ಚಿಕ್ಕಲ್ಲೂರು, ಹೊಳೆ ಆಚೆ, ಕೊಳ್ಳೇಗಾಲದ ಕಡೆ. ಸಿದ್ದಪ್ಪಾಜಿ ಗದ್ದುಗೆ. ಕಪ್ಪಡಿ, ಕೆ.ಆರ್. ನಗರದ ಕಡೆ, ಕಾವೇರಿ ದಡದಲ್ಲಿ. ರಾಚಪ್ಪಾಜಿ, ಚನ್ನಾಜಮ್ಮನ ಗದ್ದುಗೆ.

ಹುಟ್ಟಿದ್ದು ಮದ್ದೂರಲ್ಲಿ, ಕಷ್ಟ ಪಟ್ಟಿದ್ದು ಮಳವಳ್ಳೀಲಿ, ಐಕ್ಯ ಆಗಿದ್ದು ಕೊಳ್ಳೇಗಾಲದಲ್ಲಿ. ಈಗ ಹೇಳಿ, ಕಥೆಯ ಯಾವ ಪುಟ ಹರಿದು ಯಾವ ತಾಲ್ಲೂಕಿಗೆ ಕೊಡೋಣ?

ಭಾಗ 3
(ಫೋಟೋ: ಸತ್ತೇಗಾಲದ ಸೇತುವೆ, ಬಸ್ ಕಿಟಕಿಯಿಂದ. ಶೇಕ್ ಆಗಿದೆ.)

"ಜಿಲ್ಲೆ ಬೇರೆ, ಕಲೆ ಬೇರೆ" ಅಂತ ಕಾಮೆಂಟ್ ಹಾಕಿರೋ ಅಣ್ಣನಿಗೆ ಈ ಭಾಗ.

ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅದಕ್ಕೆ ಮುಂಚೆ ನಾವೂ ಮೈಸೂರು ಜಿಲ್ಲೆಯೇ. ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ, ನಮ್ಮ ಅಣ್ಣಂದಿರು ಹುಟ್ಟಿದ ಕಾಲಕ್ಕೆ. ಅಂದ್ರೆ ನೀವು ಯಾವ ಗಡಿ ಹಿಡ್ಕೊಂಡು ಕಿತ್ತಾಡ್ತಿದ್ದೀರೋ ಅದಕ್ಕೆ ಇನ್ನೂ ಮೂವತ್ತು ವರ್ಷವೂ ಸರಿಯಾಗಿ ತುಂಬಿಲ್ಲ.

ಇನ್ನೂ ಮಜಾ ಇದೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮೈಸೂರು ರಾಜ್ಯದಲ್ಲೇ ಇರಲಿಲ್ಲ. ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು ಅದು. ಸ್ವಾತಂತ್ರ್ಯಕ್ಕೆ ಮುಂಚೆ ಹೊಳೆ ಈಚೆ ಮಹಾರಾಜರ ಆಳ್ವಿಕೆ, ಆಚೆ ಬ್ರಿಟಿಷರದ್ದು. ಆಗ ಮಳವಳ್ಳಿ ಕಡೆಯಿಂದ ಚಿಕ್ಕಲ್ಲೂರು ಜಾತ್ರೆಗೆ ಗಾಡಿ ಕಟ್ಟಿದವನು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗಿ ಬರ್ತಿದ್ದ. ತಂಬೂರಿಗೆ ಆಗ ಯಾರೂ ಯಾವ ರಾಜ್ಯ ನಿಂದು ಅಂತ ಕೇಳಿದ ಹಾಗೆ ಕಾಣಲ್ಲ. ಈಗ ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಸರ್ಕಾರಿ ಬಸ್ಸು. ಈಗ ಕೇಳ್ತಿದ್ದೀವಿ.

ಜಾತ್ರೆನೇ ನೋಡಿ. ಬನದ ಹುಣ್ಣಿಮೆ ದಿನ ಶುರು, ಐದು ದಿನ. ಮೊದಲನೇ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಎಣ್ಣೆ ಹಾಕಿ ಹಚ್ತಾರೆ. ಯಾವ ದಿಕ್ಕಿಗೆ ಚೆನ್ನಾಗಿ ಉರೀತೋ ಆ ದಿಕ್ಕಿನವರಿಗೆ ಮಳೆ ಬೆಳೆ ಚೆನ್ನಾಗಿ ಆಗುತ್ತೆ ಅಂತ ನಂಬಿಕೆ. ಅದನ್ನ ಹಚ್ಚೋಕೆ ಬರೋರು ಹೊಳೆ ಈಚೆಯ ಬೊಪ್ಪೇಗೌಡನಪುರ ಮಠದವರು. ಕೊನೆ ದಿನದ ಸೇವೆ ಯಾರ ಹೆಸರಲ್ಲಿ? ಮುತ್ತತ್ತಿರಾಯರ ಹೆಸರಲ್ಲಿ. ಮುತ್ತತ್ತಿ ಎಲ್ಲಿದೆ? ನಾವು ವೀಕೆಂಡಲ್ಲಿ ಹಲಗೂರು ಮೇಲೆ ಬೈಕಲ್ಲಿ ಹೋಗಿ ಈಜಾಡ್ತೀವಲ್ಲ, ಅಲ್ಲೇ. ಮಳವಳ್ಳಿ ತಾಲ್ಲೂಕು. ಕೊಳ್ಳೇಗಾಲದ ನೆಲದಲ್ಲಿ ನಡೆಯೋ ಜಾತ್ರೆ ಶುರು ಆಗೋದೂ ಮುಗಿಯೋದೂ ಮಳವಳ್ಳಿಯವರ ಹೆಸರಲ್ಲಿ.

ಭಾಗ 4
(ಫೋಟೋ ಇಲ್ಲ, ಬರೀ ಕಪ್ಪು ಸ್ಲೈಡ್. ಡೇಟಾ ಮುಗೀತು.)

ಈ ಜಗಳ ನಮ್ಮಲ್ಲಿ ಮಾತ್ರ ಇರೋದಾ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಕ್ಯಾಂಟೊನೀಸ್ ಒಪೆರಾ. ದಕ್ಷಿಣ ಚೀನಾದ್ದು. ಹಾಡು, ಮಾತು, ಅಭಿನಯ, ಕತ್ತಿವರಸೆ ಎಲ್ಲ ಸೇರಿದ ನಾಟಕ. ಅದನ್ನ ಆಡೋದು ಗುವಾಂಗ್‌ಡಾಂಗ್ ಸೀಮೆಯ ಊರುಗಳಲ್ಲಿ, ಪಕ್ಕದ ಹಾಂಗ್‌ಕಾಂಗಲ್ಲಿ, ಮಕಾವಲ್ಲಿ. ಹಾಂಗ್‌ಕಾಂಗ್ 1997ರವರೆಗೆ ಬ್ರಿಟಿಷರ ಕೈಲಿತ್ತು, ಮಕಾವ್ 1999ರವರೆಗೆ ಪೋರ್ಚುಗೀಸರ ಕೈಲಿ. ನಮ್ಮ ಕೊಳ್ಳೇಗಾಲದ ಕಥೆನೇ, ಸ್ವಲ್ಪ ದೊಡ್ಡ ಸೈಜಲ್ಲಿ. ಅಲ್ಲೂ ದೇವರ ಹಬ್ಬಕ್ಕೆ ಬಿದಿರು ಕಟ್ಟಿ ರಂಗ ಎಬ್ಬಿಸಿ, ದೇವರ ಎದುರಿಗೇ ನಾಟಕ ಆಡ್ತಾರೆ. ಚಂದ್ರಮಂಡಲದ ಬಿದಿರು ನೆನಪಾಯ್ತು ನಂಗೆ.

ಇದು ಮೊದಲು ಹುಟ್ಟಿದ್ದು ಎಲ್ಲಿ ಅಂತ ಅವರೂ ಜಗಳ ಆಡಬಹುದಿತ್ತು. ಆಡಿಯೂ ಇರ್ತಾರೆ, ಮನುಷ್ಯರೇ ಅಲ್ವಾ. ಆದ್ರೆ ಯುನೆಸ್ಕೋ ಮುಂದೆ ಹೋಗೋವಾಗ ಗುವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವ್ ಮೂರೂ ಸೇರಿ ಅರ್ಜಿ ಹಾಕಿದ್ವು. 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರ್ತು. ಆಮೇಲೆ 2019ರಲ್ಲಿ ಹಾಂಗ್‌ಕಾಂಗಲ್ಲಿ ಈ ತರದ ನಾಟಕಗಳಿಗೇ ಅಂತ ಒಂದು ದೊಡ್ಡ ರಂಗಮಂದಿರ ತೆರೆದ್ರು. ಬೇರೆ ಬೇರೆ ಪಾಸ್‌ಪೋರ್ಟ್ ಇಟ್ಕೊಂಡಿದ್ದವರು ಒಂದು ಅರ್ಜಿ ಬರೆದ್ರು. ನಾವು ಒಂದೇ ಬಸ್ ಪಾಸ್ ಇಟ್ಕೊಂಡು ಒಂದು ಹ್ಯಾಷ್‌ಟ್ಯಾಗ್ ಹಂಚ್ಕೊಳೋಕೆ ಆಗ್ತಿಲ್ಲ.

ಯುನೆಸ್ಕೋ ಬರ್ಲಿ, ನಮ್ಮ ಹಳ್ಳಿಗೆ ಬೋರ್ಡ್ ಹಾಕ್ಲಿ ಅಂತ ಹೇಳ್ತಿಲ್ಲ. ಬೋರ್ಡಿಂದ ಹಾಡುಗಾರರ ಹೊಟ್ಟೆ ತುಂಬಲ್ಲ. ಜಂಟಿಯಾಗಿ ಅರ್ಜಿ ಹಾಕೋಕೆ ಬೇಕಾದ ಆ ಬುದ್ಧಿ ಬಗ್ಗೆ ಅಷ್ಟೇ ಹೇಳ್ತಿರೋದು.

ಭಾಗ 5
(ಫೋಟೋ: ಕಾಲೇಜ್ ಎದುರಿನ ಟೀ ಅಂಗಡಿ. ಈ ವಾದ ನಡೆದಿದ್ದು ಇಲ್ಲೇ.)

ಮಳವಳ್ಳಿಯ ನನ್ನ ಫ್ರೆಂಡ್ ಒಬ್ಬ, ಬೆಂಚ್‌ಮೇಟ್, ನಿನ್ನೆ ಹಿಡ್ಕೊಂಡ. "ಮಗಾ, ನಮ್ಮೂರು ನಮ್ಮೂರು ಅಂತ ಹೇಳ್ಕೊಂಡ್ರೆ ತಾನೆ ಏನಾದ್ರೂ ಉಳಿಯೋದು? ಎಲ್ಲರ್ದೂ ಅಂದ್ರೆ ಯಾರೂ ನೋಡ್ಕೊಳಲ್ಲ. ಊರ ಮಧ್ಯದ ಕೆರೆ ತರ ಆಗುತ್ತೆ."

ಮಾತಲ್ಲಿ ದಮ್ ಇದೆ, ಒಪ್ಕೊಳ್ತೀನಿ. ಎಷ್ಟೋ ಕೆರೆ ಹಂಗೇ ಹಾಳಾಗಿರೋದು. ತಂಬೂರಿ ಪದಗಳು ಕ್ಯಾಸೆಟ್ ಕಾಲದಲ್ಲಿ ರಾಜ್ಯದ ಉದ್ದಗಲಕ್ಕೂ ಹೋಗಿದ್ರಲ್ಲಿ ಮಳವಳ್ಳಿ ಮಹದೇವಸ್ವಾಮಿಯವರದ್ದು ದೊಡ್ಡ ಪಾಲು. ಅವರ ಹೆಸರಲ್ಲೇ ಊರಿದೆ. ಅದು ಹೆಮ್ಮೆನೇ. ನಂಗೂ ಇದೆ.

ಆದ್ರೆ ಅವನಿಗೆ ನಾನು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. "ನಮ್ಮೂರ್ದು ಅಂತ ಹೇಳ್ಕೊಂಡ್ಮೇಲೆ ನೀನು ಏನು ನೋಡ್ಕೊಂಡೆ?" ಕೆರೆ ನಂದು ಅನ್ನೋನು ಹೂಳಾದ್ರೂ ಎತ್ತಬೇಕು. ಕಾಮೆಂಟಲ್ಲಿ ಹುಲಿ ಆಗಿದ್ದವರಲ್ಲಿ ಒಬ್ಬ ಸಿಕ್ಕಿದಾಗ ಕೇಳ್ದೆ, ಒಂದು ಸಾಲು ಪೂರ್ತಿ ಕೂತು ಕೇಳಿದ್ದೀಯಾ ಅಂತ. "ಸಾಲು ಅಂದ್ರೆ?" ಅಂದ.

ಕಾವೇರಿ ನೀರಿಗೆ ನಮ್ಮ ಜಿಲ್ಲೆ ಜನ ಬೀದಿಗಿಳಿದು ಕೂತಿರೋದನ್ನ ಚಿಕ್ಕಂದಿನಿಂದ ನೋಡಿದ್ದೀವಿ. ಅದಕ್ಕೆ ಲೆಕ್ಕ ಇದೆ. ನೀರು ಆ ಕಡೆ ಹರಿದ್ರೆ ಈ ಕಡೆ ಭತ್ತ ಒಣಗುತ್ತೆ. ಚಿಕ್ಕಲ್ಲೂರಲ್ಲಿ ಒಬ್ಬರು ಒಂದು ರಾತ್ರಿ ಹಾಡಿದ್ರೆ ಬಿ.ಜಿ. ಪುರದಲ್ಲಿ ಹಾಡು ಎಷ್ಟು ಟಿಎಂಸಿ ಕಮ್ಮಿ ಆಗುತ್ತೆ? ನೀರಿನ ಜಗಳದ ಅಭ್ಯಾಸನ ಹಾಡಿನ ಮೇಲೂ ತಂದಿದ್ದೀವಿ ಅನ್ಸುತ್ತೆ.

ಭಾಗ 6
(ಫೋಟೋ: ಫೆಸ್ಟ್ ಬ್ಯಾನರ್. ಹೆಸರು ಬ್ಲರ್ ಮಾಡಿದ್ದೀನಿ.)

ಇದು ನಡೆದಿದ್ದು ಒಂದು ಕಾಲೇಜ್ ಫೆಸ್ಟಲ್ಲಿ. ಯಾವುದು ಅಂತ ಕೇಳ್ಬೇಡಿ. ನಾನು ಲೆಕ್ಕ ಬರೆಯೋ ಟೀಮಲ್ಲಿದ್ದೆ, ಅದಕ್ಕೆ ನಂಬರ್ ಗೊತ್ತು.

"ನಮ್ಮ ಮಣ್ಣಿನ ಕಲೆ" ಅಂತ ಒಂದು ಸ್ಲಾಟ್. ಐದು ಜನರ ತಂಬೂರಿ ತಂಡಕ್ಕೆ ಹೇಳಿದ್ರು. ಕೊಟ್ಟಿದ್ದು 6,000 ರೂಪಾಯಿ, ಬಂದು ಹೋಗೋ ಖರ್ಚೂ ಅದರಲ್ಲೇ. ರಾತ್ರಿ ಡಿಜೆಗೆ 45,000. ಡಿಜೆ ಬೇಡ ಅಂತಲ್ಲ, ನಾನೂ ಕುಣ್ದೆ, ವಿಡಿಯೋ ಇದೆ. ಆದ್ರೆ ತಂಡಕ್ಕೆ ಹೇಳಿದ್ದು ಅರ್ಧ ಗಂಟೆ, ಕೊಟ್ಟಿದ್ದು ಏಳು ನಿಮಿಷ. ಗೆಸ್ಟ್ ಲೇಟಾಗಿ ಬಂದ್ರು, ಸನ್ಮಾನ ಉದ್ದ ಆಯ್ತು, "ಸ್ವಲ್ಪ ಫಾಸ್ಟಾಗಿ ಮುಗಿಸಿ ಯಜಮಾನ್ರೇ." ರಾತ್ರಿಯೆಲ್ಲ ಹಾಡೋ ಸಾಲನ್ನ ಫಾಸ್ಟಾಗಿ ಮುಗಿಸೋದು ಹೆಂಗೆ? ಕಲ್ಯಾಣದಿಂದ ಹೊರಟ ಮಂಟೇಸ್ವಾಮಿ ಇನ್ನೂ ಊರ ಬಾಗಿಲು ದಾಟಿರಲಿಲ್ಲ, ಮೈಕ್ ಆಫ್.

ಇನ್ನೊಂದು. ನಿರೂಪಣೆ ಮಾಡಿದ ಹುಡುಗಿ ಹೇಳಿದ್ದು, "ಈಗ ಕಂಸಾಳೆ ಕಲಾವಿದರಿಂದ..." ಕಂಸಾಳೆ ಬೇರೆ ಕಣ್ರಪ್ಪಾ! ಕಂಸಾಳೆ ಹಿಡಿಯೋರು ಮಾದಪ್ಪನ ಗುಡ್ಡರು, ಮಲೆ ಮಹದೇಶ್ವರನ ಕಥೆ ಹಾಡೋ ದೇವರಗುಡ್ಡರು. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡೋರು ನೀಲಗಾರರು. ಎರಡೂ ಅಕ್ಕಪಕ್ಕದ ಪರಂಪರೆ, ಎರಡನ್ನೂ ಹಾಡಬಲ್ಲವರೂ ಇದ್ದಾರೆ, ಆದ್ರೆ ಎರಡೂ ಒಂದೇ ಅಲ್ಲ. ತಂಡದವರು ತಿದ್ದಲಿಲ್ಲ. ಕೈ ಮುಗಿದು ಶುರು ಮಾಡಿದ್ರು. ಆ ಹುಡುಗಿ ಮೇಲೆ ಕೋಪ ಇಲ್ಲ, ಅವಳ ಕೈಗೆ ಬರೆದು ಕೊಟ್ಟಿದ್ದೇ ಹಂಗೆ. ಬರೆದುಕೊಟ್ಟಿದ್ದು ಯಾರು ಅಂತ ಕೇಳಿ. ಮಣ್ಣಿನ ಕಲೆ ಅಂತ ಸ್ಲಾಟ್‌ಗೆ ಹೆಸರಿಟ್ಟವರೇ.

"ಸೋಜುಗಾದ ಸೂಜುಮಲ್ಲಿಗೆ" ಕೂಡ ಅಷ್ಟೇ. 2021ರ ಸಿನಿಮಾ ನೋಡಿದ ಮೇಲೆ ಅದು ಸಿನಿಮಾ ಹಾಡು ಅಂದ್ಕೊಂಡವರು ನಮ್ಮ ಕ್ಲಾಸಲ್ಲೇ ನಾಲ್ಕು ಜನ ಇದ್ದಾರೆ. ಮಾದಪ್ಪನ ಪದ ಅದು.

ನಮ್ಮ ಹಳ್ಳಿಗಳಲ್ಲಿ ನಾಟಕಕ್ಕೆ ದುಡ್ಡು ಹುಟ್ಟಲ್ಲ ಅನ್ನೋದೂ ಸುಳ್ಳು. ಕುರುಕ್ಷೇತ್ರ ನಾಟಕ ಆಡ್ಸೋವಾಗ ನೋಡಿ. ದುರ್ಯೋಧನನ ಪಾರ್ಟಿಗೆ ತಾವೇ ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಕಲಿತು, ಫ್ಲೆಕ್ಸ್ ಹಾಕಿಸ್ಕೊಂಡು, ಗದೆ ಹಿಡಿದು ನಿಲ್ತಾರೆ. ನನ್ನ ಚಿಕ್ಕಪ್ಪ ಎರಡು ಸಲ ಭೀಮ ಆಗಿದ್ದಾರೆ. ಅದು ಚೆನ್ನಾಗಿದೆ, ಮಾಡ್ಲಿ. ಕಿರೀಟ ಹಾಕ್ಕೊಳೋಕೆ ಸಾಲಾಗಿ ನಿಲ್ಲೋ ಊರಲ್ಲಿ ಜೋಳಿಗೆ ಹಾಕ್ಕೊಳೋಕೆ ಯಾಕೆ ಯಾರೂ ಬರಲ್ಲ, ಅದನ್ನ ಮುಂದಿನ ಭಾಗದಲ್ಲಿ ಹೇಳ್ತೀನಿ. ಹೇಳೋದು ಸುಲಭ ಇಲ್ಲ.

ಭಾಗ 7
(ಫೋಟೋ: ಕೈ ಮಾತ್ರ. ಮುಖ ಬೇಡ ಅಂದ್ರು.)

ರೀಲಲ್ಲಿ ಹಾಡ್ತಿರೋರು ನಮ್ಮಮ್ಮನ ಚಿಕ್ಕಪ್ಪ. ನಂಗೆ ತಾತ.

ಇದನ್ನ ರೀಲ್ ಹಾಕಿದ ದಿನವೇ ಬರೀಬಹುದಿತ್ತು. "ಊರಲ್ಲಿ ಸಿಕ್ಕಿದ ಕಲಾವಿದರು" ಅಂತ ಬರ್ದೆ. ಪಿಯುಸಿಯಲ್ಲಿ ಹಾಸ್ಟೆಲ್ ಹುಡುಗರು ನಿಮ್ಮ ತಾತ ಏನ್ಮಾಡ್ತಾರೆ ಅಂದಾಗ "ವ್ಯವಸಾಯ" ಅಂದಿದ್ದೆ. ಸುಳ್ಳಲ್ಲ, ಅರ್ಧ ಎಕರೆ ರಾಗಿ ಹಾಕ್ತಾರೆ. ಆದ್ರೆ ನಾನು ಹೇಳದೇ ಬಿಟ್ಟಿದ್ದು ಇನ್ನರ್ಧ. ಅವರು ನೀಲಗಾರ ದೀಕ್ಷೆ ತಗೊಂಡವರು. ಹಣೆಗೆ ಕಪ್ಪು ದೂಳ್ತ, ಹೆಗಲಿಗೆ ಜೋಳಿಗೆ. ಮನೆ ಮನೆಗೆ ಹೋಗಿ ಪದ ಹೇಳಿ ಭಿಕ್ಷೆ ತಗೊಳೋದು ಆ ದೀಕ್ಷೆಯ ಭಾಗ. ಅದು ಗುರು ಸೇವೆ. ಹಾಸ್ಟೆಲಲ್ಲಿ ಅದನ್ನ ಹೇಳಿದ್ರೆ ಏನಂತಾರೆ ಅಂತ ನಂಗೆ ಗೊತ್ತಿತ್ತು. ಒಂದು ಪದದಲ್ಲಿ ಮುಗಿಸ್ತಾರೆ, ಆಮೇಲೆ ಜಾತಿ ಕೇಳ್ತಾರೆ.

ನೀಲಗಾರರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಸಮುದಾಯದವರು. ಒಕ್ಕಲು ಮಾತ್ರ ಎಲ್ಲ ಜಾತೀಲೂ ಇದ್ದಾರೆ. ಕಂಡಾಯ ಬಂದ್ರೆ ನೆಲ ಸಾರಿಸಿ, ರಂಗೋಲಿ ಬಿಟ್ಟು ಕೈ ಮುಗೀತಾರೆ. ಹಾಡಿದವರಿಗೆ ಲೋಟ ಮಾತ್ರ ಬೇರೆ. ತಾತ ಇದನ್ನ ನಗ್ತಾ ಹೇಳ್ತಾರೆ. ಅವರು ಕಂಡ ಒಂದು ಮನೆಯಲ್ಲಿ ರಾತ್ರಿಯಿಡೀ ಪದ ಹೇಳ್ಸಿ, ಬೆಳಿಗ್ಗೆ ಕಾಫಿನ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟು, "ತಗೋ ಯಜಮಾನ, ಇದು ಹೊಸದು" ಅಂದ್ರಂತೆ. ಮನೆಯವರೆಲ್ಲ ಸ್ಟೀಲ್ ಲೋಟದಲ್ಲಿ ಕುಡೀತಿದ್ರು.

ಕಾಮೆಂಟಲ್ಲಿ ನಮ್ದು ನಮ್ದು ಅಂದವರೇ, ನಿಮ್ಮ ಪ್ರೀತಿ ಹಾಡಿನ ಮೇಲೆ ಮಾತ್ರನಾ, ಇಲ್ಲ ಹಾಡೋರನ್ನೂ ಸೇರಿಸಿನಾ? ಸಿಟ್ಟಲ್ಲಿ ಕೇಳ್ತಿದ್ದೀನಿ, ಹೌದು. ನನ್ನನ್ನೂ ಸೇರಿಸ್ಕೊಂಡೇ ಕೇಳ್ತಿದ್ದೀನಿ, ಯಾಕಂದ್ರೆ ಒಂದು ಕ್ಯಾಪ್ಶನಲ್ಲಿ ತಾತನ್ನ "ಸಿಕ್ಕಿದ ಕಲಾವಿದರು" ಮಾಡಿದ್ದು ನಾನು.

ಕಾಮೆಂಟೆಲ್ಲ ಅವರಿಗೆ ಓದಿ ಹೇಳ್ದೆ. ಯಾವ ಊರ್ದು ಅಂತ ಜಗಳ ಆಡ್ತಾವ್ರೆ ತಾತ ಅಂದೆ. "ಬುಡ್ಲಾ ಮಗ, ಮಕ್ಳು. ಯಾರಾರ ಒಬ್ರು ಕಲೀತೀನಿ ಅಂದವ್ರಾ ಅದ್ರಲ್ಲಿ?" ಅಂದ್ರು. ಇಲ್ಲ ಅಂದೆ. ಎದ್ದು ಹಸುಗೆ ಹುಲ್ಲು ಹಾಕೋಕೆ ಹೋದ್ರು.

ಭಾಗ 8
(ಫೋಟೋ: ಜಾತ್ರೆಯ ಒಲೆಗಳು, ಹೋದ ವರ್ಷದ್ದು.)

ಇನ್ನೊಂದು ಗುಂಪಿದೆ. ಜಗಳ ಆಡಲ್ಲ, ನೀಟಾಗಿ ಬಂದು ಬುದ್ಧಿ ಹೇಳ್ತಾರೆ. "ಇಂಥ ಒಳ್ಳೆ ಕಲೆ, ಸ್ವಲ್ಪ ಕ್ಲೀನ್ ಮಾಡಿ ಪ್ರೆಸೆಂಟ್ ಮಾಡಿದ್ರೆ ಚೆನ್ನಾಗಿರುತ್ತೆ ಬ್ರೋ."

ಕ್ಲೀನ್ ಅಂದ್ರೆ? ಕಲ್ಯಾಣದ ಸಾಲು ಕೇಳಿದ್ದೀರಾ? ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗೋದು ಹೊಳೆಯೋ ಬಟ್ಟೆ ಹಾಕ್ಕೊಂಡು ಅಲ್ಲ. ಮೈಯೆಲ್ಲ ಹುಣ್ಣು, ಗಬ್ಬು ನಾತ, ಹೆಂಡ, ಸತ್ತ ದನದ ಚರ್ಮ. ಮಡಿ ಮಡಿ ಅಂತ ಕೂತಿದ್ದ ಕಳ್ಳ ಶರಣರು ಮೂಗು ಮುಚ್ಕೊಂಡು ಓಡ್ತಾರೆ. ಬಸವಣ್ಣ, ನೀಲಮ್ಮ ಮಾತ್ರ ಗುರುತು ಹಿಡೀತಾರೆ. ನಾತ ತೆಗೆದ್ರೆ ಅಲ್ಲಿ ಪರೀಕ್ಷೆಯೇ ಉಳಿಯಲ್ಲ. ಕ್ಲೀನ್ ಮಾಡಿ ಅನ್ನೋರು ಕಥೆಯೊಳಗೆ ಯಾರ ಜಾಗದಲ್ಲಿ ನಿಂತಿದ್ದಾರೆ ಅಂತ ಒಂದ್ಸಲ ನೋಡ್ಕೊಳ್ಳಿ.

ಜಾತ್ರೆಯ ನಾಲ್ಕನೇ ದಿನದ ಪಂಕ್ತಿ ಸೇವೆನೂ ಇದೇ ತರ. ಬಂದವರು ಅಲ್ಲೇ ಒಲೆ ಹೂಡಿ, ಬಾಡು ಬೇಯಿಸಿ, ಸಿದ್ದಪ್ಪಾಜಿಗೆ ಎಡೆ ಇಟ್ಟು, ಪಕ್ಕದಲ್ಲಿ ಕೂತವನ ಜಾತಿ ಕೇಳದೆ ಸಾಲಾಗಿ ಉಣ್ತಾರೆ. ಪ್ರಾಣಿ ಬಲಿ ತಡೆಯೋ ಕಾಯ್ದೆ 1959ರಿಂದ ಇದೆ. ಇದು ಬಲಿ ಅಲ್ಲ, ಊಟ ಅಂತ ಒಕ್ಕಲಿನವರು ಹೇಳ್ತಾರೆ. ಈಚಿನ ವರ್ಷಗಳಲ್ಲಿ ಜಾತ್ರೆ ದಾರಿಯಲ್ಲಿ ಚೆಕ್‌ಪೋಸ್ಟು. ಕಾನೂನಿನ ವಾದ ಮಾಡೋಷ್ಟು ಓದಿಲ್ಲ ನಾನು, ಬಿಸಿನೆಸ್ ಲಾ ಒಂದೇ ಪೇಪರ್. ಆದ್ರೆ ಊರೂರಲ್ಲಿ ಬೇರೆ ಬೇರೆ ಪಂಕ್ತಿ ಇರೋ ಕಡೆ ಒಂದೇ ಪಂಕ್ತಿ ಹಾಕಿದ ಜಾತ್ರೆನ ನೋಡಿ ನಮ್ಗೆ ಮೊದಲು ಕಾಣೋದು ಬಾಡಿನ ಪಾತ್ರೆ ಅಂದ್ರೆ ಕಣ್ಣಲ್ಲೇನೋ ತೊಂದ್ರೆ ಇದೆ.

ಭಾಗ 9
(ಫೋಟೋ: ಲೈಬ್ರರಿ ಪುಸ್ತಕದ ಕೊನೆ ಪುಟದ ಸೀಲು.)

ಬರೆದಿಟ್ಟಿದ್ದಾರಲ್ಲ, ಸಾಕಲ್ವಾ ಅನ್ನೋರಿಗೆ.

ಬರೆದಿಟ್ಟಿದ್ದಾರೆ, ನಿಜ, ಅವರಿಗೆ ದೊಡ್ಡ ನಮಸ್ಕಾರ. ಹಂಪಿ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯ ಪ್ರಕಟಿಸಿದೆ, ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆ. ಎಚ್.ಎಸ್. ಶಿವಪ್ರಕಾಶ್ ಇದನ್ನ ಹಿಡಿದು "ಮಂಟೇಸ್ವಾಮಿ ಕಥಾಪ್ರಸಂಗ" ನಾಟಕ ಬರೆದ್ರು. ನಮ್ಮ ಜಿಲ್ಲೆಯ ನಾಗಮಂಗಲ ಕಡೆಯವರೇ ಆದ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ರ ಜಾನಪದ ಲೋಕ ಕಟ್ಟಿದ್ರು. ಬೆಂಗಳೂರಿಗೆ ಹೋಗ್ತಾ ಎಷ್ಟು ಸಲ ಅದರ ಮುಂದೆ ಇಡ್ಲಿ ತಿಂದಿದ್ದೀವಿ, ಒಳಗೆ ಹೋಗಿದ್ದು ನಾನು ಒಂದೇ ಸಲ, ಅದೂ ಏಳನೇ ಕ್ಲಾಸ್ ಟ್ರಿಪ್ಪಲ್ಲಿ.

ಲೈಬ್ರರಿಯಲ್ಲಿ ಆ ಪುಸ್ತಕ ತಗೊಂಡೆ. ಹಿಂದಿನ ಸೀಲು ನೋಡಿ, ಎಷ್ಟು ವರ್ಷದ ಹಿಂದಿಂದು ಅಂತ ಫೋಟೋದಲ್ಲೇ ಇದೆ.

ಆ ಪುಸ್ತಕ ತಗೊಂಡು ಹೋಗಿ ತಾತನ ಮುಂದೆ ಹಲಗೂರು ಸಾಲು ಓದ್ದೆ. ಸ್ವಲ್ಪ ಹೊತ್ತು ಕೇಳಿದ್ರು. "ಇದು ಅವರ್ದು. ನಮ್ ಗುರುಗಳು ಹಿಂಗೆ ಹೇಳ್ತಿರ್ಲಿಲ್ಲ" ಅಂತ ತಮ್ಮದು ಹೇಳೋಕೆ ಶುರು ಮಾಡಿದ್ರು. ವಿಷ ಕೊಡೋ ಜಾಗಕ್ಕೆ ಬಂದಾಗ ಪುಸ್ತಕದಲ್ಲಿ ಇರೋದಕ್ಕಿಂತ ಮೂರು ಪಟ್ಟು ನಿಧಾನ ಮಾಡಿದ್ರು. ಹೊಳೆ ಆಚೆಯವರು ಅಲ್ಲಿ ಓಡಿಸ್ತಾರಂತೆ, ಇವರು ನಿಲ್ಲಿಸ್ತಾರಂತೆ. ನಿಡಘಟ್ಟದ ಕಡೆಯವರು ತಾಯಿ ಮುದ್ದಮ್ಮನ ಅಳುನ ಇನ್ನೂ ಬೆಳೆಸ್ತಾರಂತೆ, "ಅವ್ರೂರ ಮಗ್ಳಲ್ವಾ, ಅಳ್ಲಿ ಬುಡು" ಅಂದ್ರು. ಮೂರು ತಾಲ್ಲೂಕು ಹಂಚ್ಕೊಂಡಿರೋದು ಇದನ್ನ. ಒಬ್ಬರ ಹತ್ರ ಇಲ್ಲದ್ದು ಇನ್ನೊಬ್ಬರ ಹತ್ರ ಇದೆ, ಅದು ಅವರವರಿಗೆ ಚೆನ್ನಾಗಿ ಗೊತ್ತು. ಹಾಡೋರಿಗೆ ಜಗಳ ಇಲ್ಲ. ಇರೋದು ನಮಗೆ, ಹಾಡಕ್ಕೆ ಬರದವರಿಗೆ.

ಪಾಲುದಾರಿಕೆ ಲೆಕ್ಕ ಓದಿದ್ದೀವಲ್ಲ. ಗುಡ್‌ವಿಲ್‌ಗೆ ಯಾವಾಗ ಬೆಲೆ ಕಟ್ತಾರೆ? ಹೊಸ ಪಾಲುದಾರ ಬಂದಾಗ, ಇದ್ದವನು ನಿವೃತ್ತಿ ಆದಾಗ, ಇಲ್ಲಾ ಸತ್ತಾಗ. ಮಾಮೂಲಿ ದಿನ ಯಾರೂ ಕಟ್ಟಲ್ಲ. ಎಕ್ಸಾಮಲ್ಲಿ ಆ ಲೆಕ್ಕ ಮಾಡುವಾಗ ತಾತನ ನೆನಪಾಯ್ತು, ಒಂದು ಸ್ಟೆಪ್ ಬಿಟ್ಟು ನಾಲ್ಕು ಮಾರ್ಕ್ಸ್ ಹೋಯ್ತು. ಅವರ ಗುರುಗಳ ಹತ್ರ ಕಲಿತವರು ಏಳು ಜನ. ಈಗ ಇರೋದು ಇಬ್ಬರು. ತಾತನ ಹತ್ರ ಕಲಿತವರು ಯಾರೂ ಇಲ್ಲ. ನಾನೂ ಇಲ್ಲ.

ಭಾಗ 10
(ಫೋಟೋ: ಕ್ಯಾಲೆಂಡರ್. ಹುಣ್ಣಿಮೆ ದಿನಕ್ಕೆ ಸುತ್ತು ಹಾಕಿದ್ದೀನಿ.)

ಡಿಎಂಗೆ ಬಂದ ಪ್ರಶ್ನೆಗಳಿಗೆ ಉತ್ತರ, ಆಮೇಲೆ ಪ್ಲಾನ್.

"ಹಾಗಾದ್ರೆ ಯಾವ ಹ್ಯಾಷ್‌ಟ್ಯಾಗ್ ಹಾಕ್ಬೇಕು?" ಯಾವುದಾದ್ರೂ ಹಾಕಿ. ಹಾಡಿದವರ ಹೆಸರು, ಊರು ಮೊದಲನೇ ಲೈನಲ್ಲಿರಲಿ, ಅದೂ ಅವರನ್ನ ಕೇಳಿ. ಬೇಡ ಅಂದ್ರೆ ಬೇಡ. ತಾತ ಬೇಡ ಅಂದ್ರು, ಅದಕ್ಕೇ ಇಲ್ಲೂ ಹೆಸರಿಲ್ಲ. ಕಾರಣ ಕೇಳ್ದೆ. "ಗುರು ಹೆಸ್ರು ಹಾಕು" ಅಂದ್ರು. ಅವರ ಗುರು ತೀರ್ಕೊಂಡಿದ್ದಾರೆ, ಆ ಮನೆಯವರನ್ನ ಇನ್ನೂ ಕೇಳಿಲ್ಲ. ಕೇಳಿ ಹಾಕ್ತೀನಿ.

"ನೀನು ಕಲೀತೀಯಾ?" ಇದು ಕೇಳಿದವನಿಗೆ ಹೊಡೀಬೇಕು ಅನ್ಸಿತ್ತು, ಯಾಕಂದ್ರೆ ನ್ಯಾಯವಾದ ಪ್ರಶ್ನೆ. ದೀಕ್ಷೆ ನನ್ನ ಕೈಲಿ ಆಗುತ್ತಾ ಗೊತ್ತಿಲ್ಲ. ಕೆಲಸ ಅಂತ ಬೆಂಗಳೂರಿಗೆ ಹೋಗೋನು ನಾನೂ. ಸದ್ಯಕ್ಕೆ ಶನಿವಾರ ಶನಿವಾರ ಹೋಗಿ ಹಿಮ್ಮೇಳಕ್ಕೆ ಕೂರ್ತಿದ್ದೀನಿ. ಮೂರು ವಾರ ಆಯ್ತು. ದನಿ ಏರಿಸೋ ಜಾಗದಲ್ಲಿ ಇಳಿಸ್ತೀನಂತೆ.

"ಫೆಸ್ಟ್ ಕಮಿಟಿಗೆ ಏನ್ ಹೇಳ್ತೀಯ?" ಲೆಟರ್ ಕೊಟ್ಟಿದ್ದೀವಿ, ಮದ್ದೂರಿನವರು, ಮಳವಳ್ಳಿಯವರು, ಮಂಡ್ಯದವರು ಸೇರಿ ಮೂವತ್ತೆಂಟು ಸೈನ್. ಒಂದು ತಂಡ, ಪೂರ್ತಿ ಎರಡು ಗಂಟೆ, ಸನ್ಮಾನ ಆಮೇಲೆ, ದುಡ್ಡು ಡಿಜೆಯ ಅರ್ಧ ಆದ್ರೂ. ನೋಡೋಣ ಅಂದಿದ್ದಾರೆ. ಆ ಪದದ ಅರ್ಥ ಎಲ್ಲರಿಗೂ ಗೊತ್ತು, ಅದಕ್ಕೇ ಇಲ್ಲಿ ಬರೆದಿದ್ದೀನಿ.

ಪ್ಲಾನ್: ಬನದ ಹುಣ್ಣಿಮೆಗೆ ಮುಂಚಿನ ಶನಿವಾರ ತಾತ ಹಲಗೂರು ಸಾಲು ಪೂರ್ತಿ ಹೇಳ್ತೀನಿ ಅಂದಿದ್ದಾರೆ, ನಮ್ಮಮ್ಮನ ಊರಲ್ಲಿ, ಅವರ ಮನೆ ಜಗಲಿ ಮೇಲೆ. ಹೊಳೆ ಆಚೆಯಿಂದ ಅವರ ಹಳೇ ಜೊತೆಗಾರರೊಬ್ಬರು ದಮ್ಮಡಿಗೆ ಬರ್ತಾರೆ. ರಾತ್ರಿ ಒಂಬತ್ತಕ್ಕೆ ಶುರು. ಹಲಗೂರಿಗೆ ಮಳವಳ್ಳಿಯಿಂದಲೂ ಬಸ್ಸಿದೆ, ಕನಕಪುರ ಕಡೆಯಿಂದಲೂ ಇದೆ. ಅಲ್ಲಿಂದ ನಮ್ಮ ಮಾವನ ಟ್ರ್ಯಾಕ್ಟರ್. ಬರೋರು ಡಿಎಂ ಮಾಡಿ, ಮೂವತ್ತು ಜನಕ್ಕೆ ಜಾಗ. ಕಾಮೆಂಟಲ್ಲಿ ಕಿತ್ತಾಡಿದವರಿಗೆ ಮೊದಲ ಆದ್ಯತೆ, ಮಳವಳ್ಳಿ ಕೊಳ್ಳೇಗಾಲ ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸ್ತೀನಿ.

ಊಟ ಮುದ್ದೆ, ಉಪ್ಸಾರು. ಎಲ್ಲರಿಗೂ ಒಂದೇ ತರ ತಟ್ಟೆ, ಒಂದೇ ತರ ಲೋಟ, ಅಜ್ಜಿ ಆಗ್ಲೇ ಎಣಿಸಿಟ್ಟಿದ್ದಾರೆ. ತಲೆಗೆ ನೂರು ರೂಪಾಯಿ ತನ್ನಿ, ಅದು ಊಟಕ್ಕಲ್ಲ, ಹಾಡೋರಿಗೆ. ಬೆಡ್‌ಶೀಟ್ ತನ್ನಿ, ಆ ಹೊತ್ತಿಗೆ ಚಳಿ ಜೋರು. ಮೊದಲ ಒಂದು ಗಂಟೆ ಫೋನ್ ಜೇಬಲ್ಲಿ, ಇದು ತಾತ ಹಾಕಿದ ಕಂಡೀಷನ್. ವಿಷ ಕೊಡೋ ಜಾಗ ಬರೋದು ಎರಡು ಗಂಟೆ ಮೇಲೆ. ಆ ಹೊತ್ತಿಗೆ ಮಲ್ಕೊಂಡ್ರೆ ನಾನು ಎಬ್ಬಿಸಲ್ಲ.